ಹಳೇ ಟ್ರ್ಯಾಕ್ಟರಿನ ಟೈಮಿಂಗ್ ತಪ್ಪಿದೆಯಾ? ಡೀಸೆಲ್ ಪಂಪಿನ ನಟ್ಟಿಗೆ ಕೈ ಹಾಕುವ ಮೊದಲು ಇಷ್ಟು ನೋಡಿ

ಮಳೆಗಾಲ ಮುಗಿದು ಗಾಡಿ ಶೆಡ್ಡಿನಿಂದ ಹೊರಗೆ ಬಂತು ಅಂದರೆ ಸಾಕು, ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ. ಸ್ಟಾರ್ಟ್ ಆಗಲ್ಲ, ಆದರೂ ಬಿಳಿ ಹೊಗೆ, ಏರಿನಲ್ಲಿ ಎಳೆಯಲ್ಲ, ನೋಡಿದವರು ‘ಟೈಮಿಂಗ್ ಔಟ್’ ಅಂತಾರೆ, ಏನು ಮಾಡಲಿ? ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೆ ಇದೇ ಪ್ರಶ್ನೆ ಇನ್ನೂ ಜೋರು, ಯಾಕಂದ್ರೆ ಆಗ ಟ್ರ್ಯಾಕ್ಟರಿಗೆ ನೀರಿನ ಪಂಪ್ ಕಟ್ಟಿ ರಾತ್ರಿಯೆಲ್ಲ ಓಡಿಸಬೇಕು, ಕೆರೆಯಲ್ಲಿ ನೀರು ಇರುವುದೇ ಕೆಲವು ದಿನಕ್ಕೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ.

ಇದು ಹಳೇ ಡೀಸೆಲ್ ಗಾಡಿಗಳಿಗೆ. ಮ್ಯಾಸಿ 35 ಮತ್ತು 1035, ಮಹೀಂದ್ರಾ ಬಿ-275, ಎಚ್‌ಎಂಟಿ 2511, ಇಂಥವು. ಕಂಪ್ಯೂಟರ್ ಇರುವ ಹೊಸ ಗಾಡಿಗೆ ಇದು ನಡೆಯಲ್ಲ.

ಮೊದಲೇ ಒಂದು ಮಾತು. ಇಂಥ ಗಾಡಿಗಳಲ್ಲಿ ಟೈಮಿಂಗ್ ತಾನಾಗಿ ತಪ್ಪುವುದು ಬಹಳ ಅಪರೂಪ. ಕ್ರ್ಯಾಂಕಿನಿಂದ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಡೀಸೆಲ್ ಪಂಪಿನವರೆಗೆ ಹಲ್ಲಿಗೆ ಹಲ್ಲು ಕೂತ ಕಬ್ಬಿಣದ ಗೇರುಗಳು, ಜಾರುವುದಕ್ಕೆ ಬೆಲ್ಟ್ ಇಲ್ಲ. ಯಾರೋ ಬಿಚ್ಚಿ ಹಾಕಿರಬೇಕು, ಇಲ್ಲವೇ ಒಳಗೆ ಏನೋ ಸಡಿಲವಾಗಿರಬೇಕು ಅಥವಾ ಮುರಿದಿರಬೇಕು. ಟೈಮಿಂಗ್ ಮೇಲೆ ಅನುಮಾನ ಕೊನೆಗೆ ಬರಬೇಕು, ನಮ್ಮಲ್ಲಿ ಮೊದಲೇ ಬರುತ್ತದೆ. ಆಮೇಲೆ ಸರಿ ಇದ್ದ ಪಂಪನ್ನು ಅಲುಗಾಡಿಸಿ, ಇದ್ದ ಒಂದು ತೊಂದರೆಯನ್ನು ಎರಡು ಮಾಡಿಕೊಳ್ಳುತ್ತೇವೆ. ನಾನೂ ಮಾಡಿಕೊಂಡಿದ್ದೇನೆ.

ಟೈಮಿಂಗ್ ಅಂದರೆ ಯಾವುದು?

ಎರಡು ಇವೆ. ಒಂದು ವಾಲ್ವ್ ಟೈಮಿಂಗ್: ಗಾಳಿ ಒಳಗೆ ಬಿಡುವ, ಹೊಗೆ ಹೊರಗೆ ಬಿಡುವ ಬಾಗಿಲುಗಳು ಯಾವಾಗ ತೆರೆದು ಮುಚ್ಚುತ್ತವೆ ಅನ್ನುವುದು. ಇನ್ನೊಂದು ಇಂಜೆಕ್ಷನ್ ಟೈಮಿಂಗ್: ಪಿಸ್ಟನ್ ಮೇಲೆ ಬರುತ್ತಿರುವಾಗ ನಾಝಲ್ ಯಾವ ಗಳಿಗೆಯಲ್ಲಿ ಡೀಸೆಲ್ ಸಿಂಪಡಿಸಬೇಕು ಅನ್ನುವುದು. ಪಿಸ್ಟನ್ ತುತ್ತತುದಿಗೆ ಬಂದು ನಿಂತ ಜಾಗಕ್ಕೆ ಟಿಡಿಸಿ ಅನ್ನುತ್ತಾರೆ. ಡೀಸೆಲ್ ಅದಕ್ಕಿಂತ ಸ್ವಲ್ಪ ಮುಂಚೆಯೇ ಬೀಳಬೇಕು, ಹತ್ತಿಕೊಳ್ಳಲು ಅದಕ್ಕೂ ಸಮಯ ಬೇಕಲ್ವಾ. ಎಷ್ಟು ಡಿಗ್ರಿ ಮುಂಚೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಸಂಖ್ಯೆಯನ್ನೇ ಹಿಡಿಯಿರಿ. ಪಕ್ಕದ ತೋಟದ ಗಾಡಿಯ ಸಂಖ್ಯೆ ಕೇಳಿಕೊಂಡು ಬರಬೇಡಿ.

ಬೇಕಾಗುವ ಸಾಮಾನು

ಸ್ಪ್ಯಾನರ್ ಸೆಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಆಗುವ ದೊಡ್ಡ ಸಾಕೆಟ್ ಮತ್ತು ಉದ್ದ ಹಿಡಿ, ಫೀಲರ್ ಗೇಜು (ಟ್ಯಾಪೆಟ್ ಸಂದು ಅಳೆಯುವ ತೆಳು ತಗಡುಗಳ ಕಟ್ಟು), ಟಾರ್ಚು, ಬಿಳಿ ಪೇಂಟು ಅಥವಾ ಸೀಮೆಸುಣ್ಣ, ಚೂಪು ಉಳಿ, ಟೇಪು, ಉದ್ದಕ್ಕೆ ಕತ್ತರಿಸಿದ ಕಾಗದದ ಪಟ್ಟಿ, ಒಂದು ಡಬ್ಬ ಶುದ್ಧ ಡೀಸೆಲ್, ಬ್ರಶ್ಶು. ಕಾಟನ್ ವೇಸ್ಟ್ ಪಂಪಿನ ಹತ್ತಿರ ತರಲೇಬೇಡಿ. ಅದರ ಒಂದು ಎಳೆ ಸಾಕು ನಾಝಲ್ ಕೆಡಿಸಲು.

ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ತನ್ನಿ. ನಮ್ಮ ಕಡೆ ಕಣ ಬಿಟ್ಟರೆ ಸಮತಟ್ಟು ಸಿಗುವುದೇ ಕಷ್ಟ, ಗೊತ್ತು. ಕಣಕ್ಕೇ ತನ್ನಿ. ಚಕ್ರಕ್ಕೆ ಮುಂದೆ ಹಿಂದೆ ಮರದ ಕೊರಡು ಇಡಿ, ಗೇರ್ ನ್ಯೂಟ್ರಲ್ ಮಾಡಿ, ಬ್ಯಾಟರಿಯ ಒಂದು ಕೇಬಲ್ ಬಿಚ್ಚಿಡಿ. ಸ್ಟಾರ್ಟ್ ಮಾಡಿ ನೋಡಬೇಕಾದಾಗ ಮಾತ್ರ ಹಾಕಿ, ಕೈ ಒಳಗೆ ಹಾಕುವ ಮುಂಚೆ ಮತ್ತೆ ಬಿಚ್ಚಿ.

ಹಂತ 1: ಕೊನೆಗೆ ಏನು ಬಿಚ್ಚಿದ್ದರು?

ಡ್ರೈವರನ್ನು ಕೇಳಿ, ಮನೆಯವರನ್ನು ಕೇಳಿ. ಪಂಪ್ ಕ್ಯಾಲಿಬ್ರೇಷನ್‌ಗೆ, ಅಂದರೆ ಡೀಸೆಲ್ ಅಳತೆ ಸರಿ ಮಾಡಿಸಲು ಹೋಗಿತ್ತಾ? ಹೆಡ್ ಇಳಿಸಿದ್ದರಾ? ಮುಂದಿನ ಗೇರ್ ಕವರ್ ಆಯಿಲ್ ಸೋರುತ್ತದೆ ಅಂತ ತೆಗೆದಿದ್ದರಾ? ಇದಕ್ಕೆಲ್ಲ ಇಲ್ಲ ಅನ್ನುವ ಉತ್ತರ ಬಂದರೆ, ಮತ್ತು ಮಳೆಗೆ ಮುಂಚೆ ಗಾಡಿ ಚೆನ್ನಾಗಿ ಓಡುತ್ತಿದ್ದರೆ, ಟೈಮಿಂಗ್ ಮಾತು ಸದ್ಯಕ್ಕೆ ಬಿಡಿ, ಹಂತ 3ರಲ್ಲೇ ನಿಮ್ಮ ಕೆಲಸ ಮುಗಿಯಬಹುದು.

‘ಪಂಪ್ ರಿಪೇರಿಯಾಗಿ ಬಂದ ದಿನದಿಂದ ಹೀಗೆ’ ಅಂದರೆ ಮಾತ್ರ ಕಿವಿ ನಿಮಿರಬೇಕು.

ಹಂತ 2: ಹೊಗೆ ನೋಡಿ, ಸದ್ದು ಕೇಳಿ

ಡೀಸೆಲ್ ತಡವಾಗಿ ಬೀಳುತ್ತಿದ್ದರೆ ಗಾಡಿ ಬೇಗ ಹತ್ತಿಕೊಳ್ಳಲ್ಲ. ಬಿಳಿ ಹೊಗೆ, ಕಣ್ಣು ಉರಿಯುವ ಹಸಿ ಡೀಸೆಲ್ ವಾಸನೆ. ಸದ್ದು ಮೆತ್ತಗೆ, ಎಂಜಿನ್ ಸೋಮಾರಿಯಾದ ಹಾಗೆ. ಲೋಡಿನಲ್ಲಿ ಎಳೆಯಲ್ಲ, ಸೈಲೆನ್ಸರ್ ಅತಿಯಾಗಿ ಕಾಯುತ್ತದೆ.

ಬೇಗ ಬೀಳುತ್ತಿದ್ದರೆ ಸದ್ದು ಒರಟು. ಸುತ್ತಿಗೆಯಲ್ಲಿ ಕಬ್ಬಿಣ ಬಡಿದ ಹಾಗೆ ಟಣ್ ಟಣ್ ಅನ್ನುತ್ತದೆ, ರೇಸ್ ಕೊಟ್ಟಾಗ ಜಾಸ್ತಿ. ಸೆಲ್ಫ್ ಹೊಡೆಯುವಾಗ ಎಂಜಿನ್ ಹಿಂದಕ್ಕೆ ಒದ್ದ ಹಾಗೆ ತಡೆಯುತ್ತದೆ.

ಇದರಲ್ಲಿ ಮೋಸ ಹೋಗುವ ಜಾಗಗಳಿವೆ. ಡಿಸೆಂಬರ್ ಜನವರಿಯ ಬೆಳಿಗ್ಗೆ ಮಡಿಕೇರಿ, ಸೋಮವಾರಪೇಟೆ ಕಡೆಯ ಚಳಿಗೆ ಹಳೇ ಎಂಜಿನ್ ಎರಡು ನಿಮಿಷ ಬಿಳಿ ಹೊಗೆ ಬಿಡುವುದು ಮಾಮೂಲು. ಬಿಸಿಯಾದ ಮೇಲೆ ನಿಂತರೆ ಅದು ಟೈಮಿಂಗ್ ಅಲ್ಲ. ಒಂದೇ ನಾಝಲ್ ತೊಟ್ಟಿಕ್ಕುತ್ತಿದ್ದರೂ ಟಣ್ ಟಣ್ ಸದ್ದು ಬರುತ್ತದೆ, ಆದರೆ ಅದು ಒಂದೇ ಸಿಲಿಂಡರಿನಿಂದ. ಟೈಮಿಂಗ್ ತಪ್ಪಿದರೆ ಎಲ್ಲ ಸಿಲಿಂಡರೂ ಒಟ್ಟಿಗೆ ಹಾಳಾಗುತ್ತವೆ. ಈ ವ್ಯತ್ಯಾಸ ಹಿಡಿದರೆ ಅರ್ಧ ಕೆಲಸ ಆಯಿತು.

ಹಿಡಿಯುವುದು ಸುಲಭ. ಎಂಜಿನ್ ಸ್ಲೋನಲ್ಲಿ ಓಡುತ್ತಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ, ನೋಡಿ, ಮತ್ತೆ ಬಿಗಿ ಮಾಡಿ. ಸಡಿಲಿಸಿದಾಗ ಸದ್ದು ಬದಲಾಗದ ಸಿಲಿಂಡರ್ ಮುಂಚೆಯೂ ಕೆಲಸ ಮಾಡುತ್ತಿರಲಿಲ್ಲ ಅಂತ ಅರ್ಥ. ಸಡಿಲಿಸಿದ ತಕ್ಷಣ ಟಣ್ ಟಣ್ ನಿಂತರೆ ಆ ನಾಝಲ್ಲೇ ಕಳ್ಳ.

ಎಚ್ಚರಿಕೆ: ನಟ್ಟಿನ ಮೇಲೆ ಬಟ್ಟೆ ಮುಚ್ಚಿ ಸಡಿಲಿಸಿ, ಕನ್ನಡಕ ಹಾಕಿ, ಬೆರಳು ಅಡ್ಡ ಹಿಡಿಯಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಂತ 3: ಬೇರೆ ಕಳ್ಳರನ್ನು ಹುಡುಕಿ

ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಮಳೆಯಲ್ಲಿ ಅರ್ಧ ಟ್ಯಾಂಕ್ ಡೀಸೆಲ್ ಇಟ್ಟು ನಿಲ್ಲಿಸಿದ ಗಾಡಿಯಲ್ಲಿ ನೀರು ಸೇರದೇ ಇರುವುದಿಲ್ಲ. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿ ಟ್ಯಾಂಕಿನ ಗೋಡೆಗೆ ಬೆವರಿನಂತೆ ಕೂತು, ಇಳಿದು ತಳ ಸೇರುತ್ತದೆ. ಫಿಲ್ಟರಿನ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿದು ಹತ್ತು ನಿಮಿಷ ಬಿಡಿ. ತಳದಲ್ಲಿ ಗುಳ್ಳೆಯ ಹಾಗೆ ನೀರು ಬೇರೆಯಾಗಿ ನಿಂತರೆ ಟ್ಯಾಂಕ್ ಖಾಲಿ ಮಾಡಿ ತೊಳೆಯಿರಿ, ಫಿಲ್ಟರ್ ಬದಲಿಸಿ. ನೀರು ಸೇರಿದ ಡೀಸೆಲ್ಲಿಗೂ ಬಿಳಿ ಹೊಗೆಯೇ ಬರುವುದು, ಅದನ್ನು ನೋಡಿ ಟೈಮಿಂಗ್ ಅನ್ನುವವರೇ ಜಾಸ್ತಿ.

ಇನ್ನೊಂದು ಕುಂಬಾರ ಹುಳ. ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತು ಇರುತ್ತದೆ. ಹುಳ ಅದಕ್ಕೆ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಹೋಗಿರುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಹತ್ತು ಹದಿನೈದು ನಿಮಿಷ ಓಡುತ್ತದೆ, ಆಮೇಲೆ ಉಸಿರು ಕಟ್ಟಿದ ಹಾಗೆ ಒದ್ದಾಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ‘ಸುಸ್’ ಅಂತ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಒಂದು ಕಡ್ಡಿಯಲ್ಲಿ ಮುಗಿಯುವ ರಿಪೇರಿ ಇದು. ಸೈಲೆನ್ಸರ್ ಬಾಯಿ, ಏರ್ ಕ್ಲೀನರ್ ಕೊಳವೆಯನ್ನೂ ಟಾರ್ಚ್ ಹಾಕಿ ನೋಡಿ, ಇಲಿ ಅಲ್ಲಿಯೂ ಸಂಸಾರ ಹೂಡಿರುತ್ತದೆ.

ಆಮೇಲೆ ಏರ್ ಲಾಕ್, ಅಂದರೆ ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ. ಫಿಲ್ಟರ್ ಮೇಲಿನ ಮತ್ತು ಪಂಪಿನ ಸ್ಕ್ರೂ ಸಡಿಲಿಸಿ ಕೈ ಪಂಪ್ ಒತ್ತಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ಏರ್ ಕ್ಲೀನರಿನ ಆಯಿಲ್ ಬಟ್ಟಲಿನಲ್ಲಿ ಕೆಸರಿದ್ದರೆ ತೊಳೆಯಿರಿ. ಬ್ಯಾಟರಿ ಬಡಕಲಾದರೆ ಎಂಜಿನ್ ನಿಧಾನವಾಗಿ ತಿರುಗಿ ಬಿಳಿ ಹೊಗೆ ಬಿಡುತ್ತದೆ, ಅದನ್ನೂ ಚಾರ್ಜ್ ಮಾಡಿ ನೋಡಿ. ಇಷ್ಟಾದ ಮೇಲೂ ತೊಂದರೆ ಉಳಿದರೆ ಮುಂದಕ್ಕೆ ಬನ್ನಿ.

ಹಂತ 4: ಒಂದನೇ ಸಿಲಿಂಡರಿನ ಸರಿಯಾದ ಟಿಡಿಸಿ ಹಿಡಿಯಿರಿ

ರೇಡಿಯೇಟರ್ ಕಡೆಯದು ಒಂದನೇ ಸಿಲಿಂಡರ್. ಎಲ್ಲ ನಾಝಲ್ ಬಿಚ್ಚಿ ತೆಗೆದುಬಿಡಿ, ತೂತುಗಳಿಗೆ ಶುದ್ಧ ಬಟ್ಟೆ ಮುಚ್ಚಿ. ಎರಡು ಲಾಭ: ಎಂಜಿನ್ ಕೈಯಲ್ಲಿ ಹಗುರಾಗಿ ತಿರುಗುತ್ತದೆ, ಮತ್ತು ತಿರುಗಿಸುವಾಗ ತಾನೇ ಹತ್ತಿಕೊಂಡು ಕೈ ಮುರಿಯುವ ಭಯ ಇಲ್ಲ. ನಾಝಲ್ ಕೆಳಗಿನ ತಾಮ್ರದ ವಾಷರ್ ಕಳೆಯಬೇಡಿ, ಹಾಕುವಾಗ ಹೊಸದು ಹಾಕಿದರೆ ಒಳ್ಳೆಯದು.

ಪುಲ್ಲಿಯ ನಟ್ಟಿಗೆ ಸಾಕೆಟ್ ಹಾಕಿ ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ. ಮುಂದೆ ನಿಂತು ನೋಡಿದರೆ ಸಾಮಾನ್ಯವಾಗಿ ಗಡಿಯಾರದ ದಿಕ್ಕು. ಗುರುತು ಕೆಲವು ಗಾಡಿಯಲ್ಲಿ ಪುಲ್ಲಿಯ ಮೇಲೆ, ಕೆಲವದರಲ್ಲಿ ಫ್ಲೈವ್ಹೀಲ್ ಮೇಲೆ. ಫ್ಲೈವ್ಹೀಲ್ ಆದರೆ ಕ್ಲಚ್ ಹೌಸಿಂಗಿನ ಪಕ್ಕದ ಸಣ್ಣ ಮುಚ್ಚಳ ತೆಗೆದು ಟಾರ್ಚ್ ಬಿಡಬೇಕು. ವರ್ಷಗಟ್ಟಲೆಯ ಆಯಿಲ್ ಮಣ್ಣು ಕೆರೆದರೆ ಅಡಿಯಲ್ಲಿ ಗೆರೆ ಸಿಗುತ್ತದೆ, ಅದಕ್ಕೆ ಬಿಳಿ ಪೇಂಟ್ ಹಚ್ಚಿ.

ಇಲ್ಲೇ ಬಹಳ ಜನ ಎಡವುವುದು. ಪಿಸ್ಟನ್ ಒಂದು ಸುತ್ತಿಗೆ ಒಮ್ಮೆ ಮೇಲೆ ಬರುತ್ತದೆ, ಆದರೆ ಡೀಸೆಲ್ ಬೀಳುವುದು ಎರಡು ಸುತ್ತಿಗೆ ಒಮ್ಮೆ. ಅಂದರೆ ಗುರುತು ಸರಿಯಾಗಿ ಕೂತರೂ ಅದು ಹೊಗೆ ಬಿಡುವ ಸರದಿಯ ಟಿಡಿಸಿ ಆಗಿರಬಹುದು. ಟ್ಯಾಪೆಟ್ ಕವರ್ ತೆಗೆದು ನೋಡಿ. ಒಂದನೇ ಸಿಲಿಂಡರಿನ ಎರಡೂ ರಾಕರ್ (ವಾಲ್ವನ್ನು ಒತ್ತುವ ತೋಳು) ಬೆರಳಲ್ಲಿ ಅಲ್ಲಾಡಿಸಿದರೆ ಸ್ವಲ್ಪ ಟಕ್ ಟಕ್ ಅಂದರೆ ಅದೇ ಸರಿ, ಕಂಪ್ರೆಷನ್ ಟಿಡಿಸಿ, ಅಂದರೆ ಗಾಳಿ ಒತ್ತುವ ಸರದಿಯದು. ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ಎರಡೂ ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ನಾಲ್ಕು ಸಿಲಿಂಡರಿನ ಬಿ-275ರಂಥ ಗಾಡಿಯಲ್ಲಿ ನಾಲ್ಕನೆಯದು ಹೀಗೆ ಬಿಗಿಯಾಗಿರುವಾಗ ಒಂದನೆಯದು ಕಂಪ್ರೆಷನ್ನಿನಲ್ಲಿರುತ್ತದೆ. ಮೂರು ಸಿಲಿಂಡರಿನ ಮ್ಯಾಸಿಯಲ್ಲಿ ಈ ಜೋಡಿ ಲೆಕ್ಕ ನಡೆಯಲ್ಲ, ಒಂದನೆಯದನ್ನೇ ನೋಡಬೇಕು.

ಹಂತ 5: ಟ್ಯಾಪೆಟ್ ಮತ್ತು ವಾಲ್ವ್

ಕವರ್ ಹೇಗೂ ತೆಗೆದಾಗಿದೆ, ಟ್ಯಾಪೆಟ್ ಸಂದು, ಅಂದರೆ ರಾಕರಿಗೂ ವಾಲ್ವ್ ತುದಿಗೂ ನಡುವಿನ ಸಂದು ಅಳೆದುಬಿಡಿ. ಹಳೇ ಮ್ಯಾಸಿ 35ರ ಪರ್ಕಿನ್ಸ್ ಮೂರು ಸಿಲಿಂಡರ್ ಎಂಜಿನ್ನಿಗೆ ತಣ್ಣಗಿದ್ದಾಗ 0.30 ಮಿ.ಮೀ. ಉಳಿದ ಗಾಡಿಗೆ ಅದರದರ ಪುಸ್ತಕ ನೋಡಿ. ಸಂದು ತೀರಾ ಕಮ್ಮಿಯಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರಿ, ಎಲ್ಲವೂ ಟೈಮಿಂಗ್ ತಪ್ಪಿದ ಹಾಗೇ ಕಾಣುತ್ತದೆ.

ಸಂದು ಸರಿ ಮಾಡಿದ ಮೇಲೆ ಒಂದನೇ ಸಿಲಿಂಡರನ್ನು ಹೊಗೆ ಬಿಡುವ ಸರದಿಯ ಟಿಡಿಸಿಗೆ ತನ್ನಿ. ಆಗ ಎರಡು ವಾಲ್ವೂ ಸ್ವಲ್ಪ ಸ್ವಲ್ಪ ತೆರೆದಿರಬೇಕು, ಹೆಚ್ಚುಕಮ್ಮಿ ಒಂದೇ ಸಮ. ಒಂದು ಚೆನ್ನಾಗಿ ತೆರೆದು ಇನ್ನೊಂದು ಪೂರ್ತಿ ಮುಚ್ಚಿದ್ದರೆ ಕ್ಯಾಮ್ (ವಾಲ್ವ್‌ಗಳನ್ನು ತೆರೆಸುವ ದಂಡ) ಗೇರಿನ ಹಲ್ಲು ತಪ್ಪಿರುವ ಅನುಮಾನ ಗಟ್ಟಿ. ಅಂಥ ಗಾಡಿಗೆ ಸೆಲ್ಫ್ ಹೊಡೆಯಬೇಡಿ, ವಾಲ್ವ್ ಪಿಸ್ಟನ್ನಿಗೆ ತಾಗಿದರೆ ಪುಶ್ ರಾಡ್ ಬಗ್ಗುತ್ತದೆ.

ಹಂತ 6: ಡೀಸೆಲ್ ಯಾವಾಗ ಹೊರಡುತ್ತದೆ?

ಮೊದಲು ನಿಮ್ಮದು ಯಾವ ಪಂಪ್ ನೋಡಿ. ಸಾಲಾಗಿ ಪೈಪುಗಳು ಹೊರಟಿದ್ದರೆ ಇನ್‌ಲೈನ್ ಪಂಪ್. ದುಂಡಗಿನ ತಲೆಯ ಸುತ್ತ ಪೈಪುಗಳಿದ್ದರೆ ರೋಟರಿ ಪಂಪ್.

ಇನ್‌ಲೈನ್ ಆದರೆ ಹೀಗೆ. ಪಂಪಿನ ಸುತ್ತ ಡೀಸೆಲ್ ಹಾಕಿ ಬ್ರಶ್ಶಿನಲ್ಲಿ ತೊಳೆಯಿರಿ. ಒಂದನೇ ಸಿಲಿಂಡರಿಗೆ ಹೋಗುವ ಪೈಪನ್ನು ಪಂಪಿನ ಕಡೆ ಪೂರ್ತಿ ಬಿಚ್ಚಿ ತೆಗೆಯಿರಿ. ಸ್ಟಾಪ್ ರಾಡ್ ಓಡುವ ಸ್ಥಿತಿಗೆ ತಳ್ಳಿ, ರೇಸ್ ಪೂರ್ತಿ ಕೊಡಿ, ಗಾಳಿ ತೆಗೆಯಿರಿ. ಒಂದನೇ ಸಿಲಿಂಡರನ್ನು ಮತ್ತೆ ಕಂಪ್ರೆಷನ್ ಟಿಡಿಸಿಗೆ ತಂದು, ಆ ಗುರುತಿಗಿಂತ ಕಾಲು ಸುತ್ತು ಹಿಂದಕ್ಕೆ ಹೋಗಿ ಅಲ್ಲಿಂದ ನಿಧಾನ ಮುಂದಕ್ಕೆ ಬನ್ನಿ. ಹಿಂದಕ್ಕೆ ತಿರುಗಿಸುತ್ತಾ ಅಳತೆ ತೆಗೆಯಬಾರದು, ಗೇರುಗಳ ಸಡಿಲು ಲೆಕ್ಕ ಕೆಡಿಸುತ್ತದೆ. ಪಂಪಿನ ಬಾಯಿಯಲ್ಲಿ ನಿಂತ ಡೀಸೆಲ್ ಮೇಲೆ ಟಾರ್ಚ್ ಹಿಡಿದು ಕಣ್ಣಿಡಿ. ಕನ್ನಡಿಯ ಹಾಗೆ ಸುಮ್ನೆ ನಿಂತಿರುತ್ತದೆ. ಒಂದು ಗಳಿಗೆಯಲ್ಲಿ ಆ ಹೊಳಪು ನಡುಗಿ ಸ್ವಲ್ಪ ಉಬ್ಬುತ್ತದೆ. ಅಲ್ಲೇ ನಿಲ್ಲಿಸಿ. ಡೀಸೆಲ್ ಹೊರಟ ಗಳಿಗೆ ಅದು. ಇನ್ನೊಬ್ಬರು ತಿರುಗಿಸಿ ನೀವು ನೋಡಿದರೆ ಒಳ್ಳೆಯದು, ಒಬ್ಬರೇ ಮಾಡಿದರೆ ಅದು ಯಾವಾಗಲೂ ದಾಟಿಯೇ ಹೋಗಿರುತ್ತದೆ. ಪುಲ್ಲಿಯ ಮೇಲೆ ಗೆರೆ ಎಳೆಯಿರಿ. ಮೂರು ಸಲ ಮಾಡಿ.

ಮೂರು ಸಲವೂ ಒಂದೇ ಜಾಗಕ್ಕೆ ಬಂದರೆ ಅಳತೆ ನಂಬಬಹುದು. ಪ್ರತಿ ಸಲ ಬೇರೆ ಬೇರೆ ಜಾಗಕ್ಕೆ ಬಂದರೆ ಪಂಪ್ ಗೇರಿನ ಬೋಲ್ಟ್ ಸಡಿಲ, ಅಥವಾ ಗೇರನ್ನು ಶಾಫ್ಟಿಗೆ ಹಿಡಿಸುವ ಕೀಲಿ ಸವೆದಿದೆ. ಆಗ ಮುಂದಿನ ಕವರ್ ತೆಗೆಯಲೇಬೇಕು.

ಡಿಗ್ರಿ ಲೆಕ್ಕಕ್ಕೆ ಕಾಗದದ ಪಟ್ಟಿ. ಪುಲ್ಲಿಗೆ ಸುತ್ತಿ ಉದ್ದ ಅಳೆದು 360ರಿಂದ ಭಾಗಿಸಿ. 180 ಮಿ.ಮೀ. ವ್ಯಾಸದ ಪುಲ್ಲಿಯ ಸುತ್ತಳತೆ ಸುಮಾರು 565 ಮಿ.ಮೀ., ಅಂದರೆ ಒಂದು ಡಿಗ್ರಿಗೆ ಒಂದೂವರೆ ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಟಿಡಿಸಿ ಗೆರೆಯಿಂದ ನಿಮ್ಮ ಗೆರೆಗೆ 31 ಮಿ.ಮೀ. ಇದ್ದರೆ 20 ಡಿಗ್ರಿ.

ಈ ವಿಧಾನದಲ್ಲಿ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ ಬರುತ್ತದೆ. ಮೆಕ್ಯಾನಿಕ್‌ಗಳು ಡೆಲಿವರಿ ವಾಲ್ವ್ ತೆಗೆದು ಬಾಗಿದ ಪೈಪ್ ಹಾಕಿ ಹನಿ ನಿಲ್ಲುವುದನ್ನು ನೋಡುವ ಸ್ಪಿಲ್ ವಿಧಾನ ಇನ್ನೂ ನಿಖರ, ಆದರೆ ತೋಟದ ಧೂಳಿನಲ್ಲಿ ಆ ಸಣ್ಣ ವಾಲ್ವ್ ಬಿಚ್ಚಿ ಇಡುವುದು ನನಗೆ ಒಪ್ಪಿಗೆಯಿಲ್ಲ.

ರೋಟರಿ ಪಂಪಿಗೆ ಇದು ಯಾವುದೂ ಆಗಲ್ಲ. ಪಂಪಿನ ಫ್ಲ್ಯಾಂಜ್ (ಎಂಜಿನ್ನಿಗೆ ಬೋಲ್ಟ್ ಆಗುವ ಅಂಚು) ಮೇಲೊಂದು ಗೆರೆ, ಎದುರಿಗೆ ಎಂಜಿನ್ ಮೇಲೊಂದು ಗೆರೆ ಇರುತ್ತದೆ, ಎರಡೂ ಕೂಡಿರಬೇಕು. ಅಷ್ಟು ನೋಡಿ. ಒಳಗಿನ ಗುರುತು ಪಕ್ಕದ ಸಣ್ಣ ಮುಚ್ಚಳದ ಹಿಂದಿದೆ. ಅದಕ್ಕೆ ಸೀಲ್ ತಂತಿ ಇದ್ದರೆ ಬಿಚ್ಚಬೇಡಿ, ಪಂಪ್ ಅಂಗಡಿಗೆ ಬಿಡಿ.

ಹಂತ 7: ಅಳತೆ ಏನು ಹೇಳುತ್ತದೆ

ಪುಸ್ತಕದ ಸಂಖ್ಯೆಗೆ ಎರಡು ಡಿಗ್ರಿ ಒಳಗಿದ್ದರೆ ಟೈಮಿಂಗ್ ಸರಿ ಇದೆ, ಬಿಟ್ಟುಬಿಡಿ. ನಾಝಲ್ ಟೆಸ್ಟ್, ಕಂಪ್ರೆಷನ್ ಟೆಸ್ಟ್ ಮಾಡಿಸಿ. ಮೂರರಿಂದ ಆರು ಡಿಗ್ರಿ ವ್ಯತ್ಯಾಸ ಇದ್ದರೆ ಪಂಪಿನ ಫ್ಲ್ಯಾಂಜ್ ಜರುಗಿದೆ ಅಥವಾ ಸವೆತ. ಹತ್ತಕ್ಕಿಂತ ಜಾಸ್ತಿ ಇದ್ದರೆ ಹಲ್ಲು ತಪ್ಪಿದೆ. ಲೆಕ್ಕ ನೋಡಿ: ಪಂಪ್ ಗೇರಿಗೆ 60 ಹಲ್ಲಿದ್ದರೆ ಒಂದು ಹಲ್ಲು 6 ಡಿಗ್ರಿ, ಪಂಪ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನಲ್ಲಿ ಅದು 12. ಇಷ್ಟನ್ನು ಫ್ಲ್ಯಾಂಜ್ ಜರುಗಿಸಿ ಸರಿ ಮಾಡಲು ಹೋದರೆ ಸ್ಲಾಟ್ (ಬೋಲ್ಟ್ ಕೂರುವ ಉದ್ದ ತೂತು) ಸಾಲುವುದಿಲ್ಲ. ನನ್ನ ಗಾಡಿಗೆ ಒಮ್ಮೆ ಪಂಪ್ ಕೂರಿಸಿ ಕೊಟ್ಟವರು ಸ್ಲಾಟನ್ನು ಅರದಿಂದ ತಿಕ್ಕಿ ಉದ್ದ ಮಾಡಿದ್ದರು. ಆಗಿದ್ದು ಒಂದು ಹಲ್ಲಿನ ತಪ್ಪು.

ಇನ್ನು ಸರಿಯಾಗಿ ಒಂದು ಪೂರ್ತಿ ಸುತ್ತು ತಪ್ಪಿದ್ದರೆ, ಹೊಗೆ ಬಿಡುವ ಸರದಿಯ ಟಿಡಿಸಿಯಲ್ಲಿ ಪಂಪ್ ಕೂರಿಸಿದ್ದಾರೆ. ಸೆಲ್ಫ್ ಎಷ್ಟು ಹೊಡೆದರೂ ಸೈಲೆನ್ಸರಿನಿಂದ ಬುಸ್ ಬುಸ್ ಹೊಗೆ ಮಾತ್ರ.

ಗೇರ್ ಕವರ್ ತೆಗೆದವರಿಗೆ ಒಂದು ಮಾತು. ನಡುವಿನ ಐಡ್ಲರ್ ಗೇರಿನ ಮೇಲಿನ ಟೈಮಿಂಗ್ ಗುರುತಿನ ಚುಕ್ಕಿಗಳು ಎಷ್ಟೋ ಎಂಜಿನ್ನಿನಲ್ಲಿ ಪ್ರತಿ ಟಿಡಿಸಿಗೂ ಕೂಡಿಬರುವುದಿಲ್ಲ, ಹಲವು ಸುತ್ತು ಆದ ಮೇಲೆ ಒಮ್ಮೆ ಕೂಡುತ್ತವೆ. ಚುಕ್ಕಿ ಕೂಡಿಲ್ಲ ಅಂತ ಗಾಬರಿಯಾಗಿ ಗೇರ್ ಕೀಳಬೇಡಿ, ತಿರುಗಿಸುತ್ತಾ ಹೋಗಿ.

ಹಂತ 8: ಸಣ್ಣ ವ್ಯತ್ಯಾಸ ಸರಿ ಮಾಡುವುದು

ನಟ್ಟು ಸಡಿಲಿಸುವ ಮೊದಲು ಪಂಪಿಗೂ ಎಂಜಿನ್ನಿಗೂ ಸೇರಿದ ಹಾಗೆ ಉಳಿಯಲ್ಲಿ ಒಂದು ಹೊಸ ಗೆರೆ ಹಾಕಿ. ಏನು ಎಡವಟ್ಟಾದರೂ ಇದ್ದಲ್ಲಿಗೆ ವಾಪಸ್ ಬರಬಹುದು. ಪೈಪುಗಳ ನಟ್ಟನ್ನೂ ಸಡಿಲಿಸಿ, ಇಲ್ಲದಿದ್ದರೆ ಪೈಪ್ ಸೀಳುತ್ತದೆ. ಪಂಪ್ ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧ ಪಂಪನ್ನು ಜರುಗಿಸಿದರೆ ಡೀಸೆಲ್ ಬೇಗ ಬೀಳುತ್ತದೆ, ಅದೇ ದಿಕ್ಕಿಗೆ ಜರುಗಿಸಿದರೆ ತಡವಾಗಿ. ಒಂದು ಮಿ.ಮೀ. ಜರುಗಿಸಿ, ಬಿಗಿ ಮಾಡಿ, ಹಂತ 6 ಮತ್ತೆ ಮಾಡಿ.

‘ಸ್ವಲ್ಪ ಮುಂದೆ ಇಟ್ಟರೆ ಪಿಕಪ್ ಜಾಸ್ತಿ’ ಅನ್ನುವ ಡ್ರೈವರ್‌ಗಳಿದ್ದಾರೆ. ಏರಿನಲ್ಲಿ ಟ್ರೈಲರ್ ಎಳೆಯುವಾಗ ಅದು ಹಾಗೆ ಅನ್ನಿಸಲೂಬಹುದು, ಸದ್ದು ಗಡುಸಾಗಿ ಬರುತ್ತದಲ್ಲ. ಪಿಸ್ಟನ್ ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ ಬೆಂಕಿ ಅದನ್ನು ಕೆಳಗೆ ತಳ್ಳುತ್ತಿರುತ್ತದೆ. ಆ ಜಗಳದ ಪೆಟ್ಟು ಬೀಳುವುದು ಹೆಡ್ ಗ್ಯಾಸ್ಕೆಟ್, ರಿಂಗ್, ಬೇರಿಂಗ್ ಮೇಲೆ. ನಿಮ್ಮ ಗಾಡಿ, ನಿಮ್ಮ ದುಡ್ಡು.

ಎಲ್ಲ ಬಿಗಿ ಮಾಡಿ, ನಾಝಲ್ ಹಾಕಿ, ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಹತ್ತು ನಿಮಿಷ ಸ್ಲೋನಲ್ಲಿ ಬಿಟ್ಟು ಪೈಪ್ ಸೋರುತ್ತದಾ ನೋಡಿ. ಆಮೇಲೆ ಖಾಲಿ ಟ್ರೈಲರ್ ಕಟ್ಟಿ ಒಂದು ಏರು, ನಂತರ ಲೋಡ್ ಹಾಕಿ ಅದೇ ಏರು. ಲೋಡಿನಲ್ಲಿ ತಿಳಿ ಕಪ್ಪು ಹೊಗೆ ಬಂದರೆ ಚಿಂತೆ ಬೇಡ, ಸಮುದ್ರ ಮಟ್ಟದಿಂದ ಸಾವಿರ ಮೀಟರ್ ಮೇಲಿರುವ ನಮ್ಮ ಗಾಳಿಯೂ ಸ್ವಲ್ಪ ತೆಳುವೇ. ಬಿಳಿ ಹೊಗೆ, ಟಣ್ ಟಣ್ ಎರಡೂ ಇಲ್ಲದಿದ್ದರೆ ಆಯಿತು. ಪುಲ್ಲಿಯ ಅಳತೆ, ಡಿಗ್ರಿ, ತಾರೀಕು ಮೂರನ್ನೂ ಬಾನೆಟ್ ಒಳಗೆ ಪೇಂಟಿನಲ್ಲಿ ಬರೆದಿಡಿ. ಮುಂದಿನ ಕೈಲ್‌ಪೊಳ್ದ್‌ಗೆ (ಕೊಡಗಿನ ಆಯುಧ ಪೂಜೆಯ ಹಬ್ಬ) ಗಾಡಿ ತೊಳೆಯುವ ಹುಡುಗ ಅದನ್ನು ಉಜ್ಜಿ ಅಳಿಸದ ಹಾಗೆ ನೋಡಿಕೊಳ್ಳಿ, ನಮ್ಮಲ್ಲಿ ಒಮ್ಮೆ ಅದೂ ಆಗಿದೆ.